ನಲವತ್ತು ದಾಟಿದವರ ಗ್ರಾಮರ್ ಕ್ಲಾಸು

ಅಮೆರಿಕದಲ್ಲಿ ನಾನಿರುವ ಕಾಲೇಜಿನ ಇಂಗ್ಲಿಷ್ ಗ್ರಾಮರ್ ಕ್ಲಾಸಿನಲ್ಲಿ ಸೆಮಿಸ್ಟರಿನ ಮೊದಲ ಸಂಜೆ ಪಾಠವೇ ನಡೆಯುವುದಿಲ್ಲ. ಸಿಲಬಸ್ ಓದುತ್ತಾರೆ. ಸಿಲಬಸ್ ಅಂದರೆ ನಮ್ಮ ಕಡೆಯ ಹಾಗೆ ಬರೀ ಪಾಠಗಳ ಪಟ್ಟಿ ಅಲ್ಲ. ಆರೇಳು ಪುಟ ಇರುತ್ತದೆ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಕ್ಲಾಸ್ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ, ಹೋಮ್‌ವರ್ಕ್ ತಡವಾದರೆ ಎಷ್ಟು ಅಂಕ ಹೋಗುತ್ತದೆ, ಫೋನ್ ಎಲ್ಲಿಡಬೇಕು, ಇನ್ನೊಬ್ಬರದ್ದು ನೋಡಿ ಬರೆದರೆ ಏನಾಗುತ್ತದೆ, ಎಲ್ಲವೂ ಅದರಲ್ಲಿದೆ. ಎಲ್‌ಐಸಿ ಬಾಂಡಿನ ಹಿಂದಿರುವ ಸಣ್ಣ ಅಕ್ಷರಗಳ ಹಾಗೆ. ಎಲ್ಲರೂ ತಲೆಯಾಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ, ಓದುವವರು ಕಡಿಮೆ.

ನಾನು ಈ ಕ್ಲಾಸಿನ ಟೀಚರ್ ಅಲ್ಲ, ಟ್ಯೂಟರ್. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು, ಬಂದವರ ಬರಹವನ್ನು ಅವರ ಜೊತೆಗೇ ಓದುವ ಕೆಲಸ. ಊರಲ್ಲಿದ್ದಾಗ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು, ಕ್ಲಾಸ್ ತುಂಬ ಜನ. ಇಲ್ಲಿ ಸಂಜೆ ಬರುವವರು ಮೂವತ್ತರಿಂದ ಅರವತ್ತರವರೆಗಿನವರು. ನೇಲ್ ಸಲೂನ್ ನಡೆಸುವ ವಿಯೆಟ್ನಾಮಿನವರು, ಕಾಬೂಲಿನಲ್ಲಿ ಎಂಜಿನಿಯರ್ ಆಗಿದ್ದು ಇಲ್ಲಿ ಟ್ಯಾಕ್ಸಿ ಓಡಿಸುವವರು (ಫ್ರೀಮಾಂಟ್ ಸುತ್ತಮುತ್ತ ಅಫ್ಘನ್ನರು ಬಹಳ), ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಮೆಕ್ಸಿಕೋದವರು, ಚೀನಾದಿಂದ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದ ಅಜ್ಜಿಯರು. ಮತ್ತೆ ನಮ್ಮ ಹೆಣ್ಣುಮಕ್ಕಳು. ಹೆಚ್ಚಿನವರು ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದವರು. ಆ ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ದುಡಿಯಲು ಬೇರೆ ಪರ್ಮಿಟ್ ಬೇಕು, ಅದೂ 2015ರಿಂದ ಈಚೆಗೆ ಸಿಗುತ್ತಿರುವುದು, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಹಾಗಾಗಿ ಕಾಯುವ ವರ್ಷಗಳಲ್ಲಿ ಬಹಳ ಜನ ಕ್ಲಾಸಿಗೆ ಸೇರುತ್ತಾರೆ.

ಇವರಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಮನೆ, ಅಂಗಡಿ, ಆಫೀಸು ನಡೆಸಿದವರು. ಅವರನ್ನು ಹೆದರಿಸುವುದು ಸಿಲಬಸ್‌ನಲ್ಲಿ ಬರೆದಿರದ ಸಂಗತಿ. ತನಗೆ ಬರದೆ ಇರುವುದನ್ನು ನಾಲ್ಕು ಜನರ ಎದುರು ತೋರಿಸಬೇಕು, ಆಮೇಲೆ ತಾನೇ ತಿದ್ದಿಕೊಳ್ಳಬೇಕು. ಈ ವಯಸ್ಸಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇಲ್ಲ ಅನ್ನಿಸುತ್ತದೆ ನನಗೆ. ದೊಡ್ಡವರ ಗ್ರಾಮರ್ ಕ್ಲಾಸಿನಲ್ಲಿ ಗಡಿಯಾರದ ವಿಷಯಕ್ಕೆ ಸ್ವಲ್ಪ ಸಡಿಲ ಇರಬೇಕು, ತಿದ್ದಿ ಮತ್ತೆ ಬರೆಯುವ ವಿಷಯಕ್ಕೆ ಬಿಗಿ ಇರಬೇಕು. ಬಹಳ ಕ್ಲಾಸುಗಳಲ್ಲಿ ಇದು ಉಲ್ಟಾ ಇದೆ.

ಕಮ್ಯುನಿಟಿ ಕಾಲೇಜ್ ಅಂದರೆ ಏನು ಅಂತ ಊರಿನವರು ಕೇಳುತ್ತಾರೆ. ಎರಡು ವರ್ಷದ ಸರ್ಕಾರಿ ಕಾಲೇಜು, ಯಾರು ಬೇಕಾದರೂ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಮೊದಲನೆಯದು 1910ರಲ್ಲಿ ಫ್ರೆಸ್ನೋದಲ್ಲಿ ಶುರುವಾಯಿತು. ಬಾಗಿಲು ಎಲ್ಲರಿಗೂ ತೆರೆದಿರಬೇಕು ಅನ್ನುವುದನ್ನು ರಾಜ್ಯದ ಉನ್ನತ ಶಿಕ್ಷಣಕ್ಕೆ ಮಾಡಿದ 1960ರ ಮಾಸ್ಟರ್ ಪ್ಲಾನ್ ಗಟ್ಟಿ ಮಾಡಿತು. 1984ರವರೆಗೆ ಫೀಸೇ ಇರಲಿಲ್ಲವಂತೆ. ಈಗ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರ್. ಡಿಗ್ರಿಯ ಲೆಕ್ಕಕ್ಕೆ ಬಾರದ ನಾನ್‌ಕ್ರೆಡಿಟ್ ಕ್ಲಾಸಾದರೆ ಅದೂ ಇಲ್ಲ, ಪೂರ್ತಿ ಉಚಿತ.

ಈ ಯೂನಿಟ್ ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ, ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಎರಡು ಗಂಟೆ ಮನೆಗೆಲಸ. 4 ಯೂನಿಟ್‌ನ ಗ್ರಾಮರ್ ಕ್ಲಾಸಿಗೆ ಸೇರಿದರೆ ವಾರಕ್ಕೆ 12 ಗಂಟೆ ಕೊಡಬೇಕು. ಸಂಜೆ ಎರಡು ದಿನ ಹೋಗಿ ಬಂದರೆ ಸಾಕು ಅಂದುಕೊಂಡು ಸೇರುತ್ತಾರೆ. ಮೂರನೇ ವಾರಕ್ಕೆ ಮುಖ ಬಾಡಿರುತ್ತದೆ.

ಅದರ ಮೇಲೆ ಕ್ಯಾನ್ವಾಸ್. ಇಲ್ಲಿನ ಕಾಲೇಜುಗಳು ಹೋಮ್‌ವರ್ಕ್ ತೆಗೆದುಕೊಳ್ಳುವ ವೆಬ್‌ಸೈಟ್ ಅದು. ಗಡುವು ಸಾಮಾನ್ಯವಾಗಿ ರಾತ್ರಿ 11:59. ಹಗಲು ಕ್ಲಾಸಿನ ಹುಡುಗರಿಗೆ ಅದು ಉದಾರವಾದ ಗಡುವು. ಹೋಟೆಲ್‌ನಲ್ಲಿ ಪಾತ್ರೆ ತೊಳೆದು, ಒಲೆ ಒರೆಸಿ, ಹನ್ನೊಂದೂವರೆಗೆ ಮನೆ ಸೇರುವವನಿಗೆ ಅದು ಗಡುವೇ ಅಲ್ಲ. ಅವನು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಕಳಿಸುತ್ತಾನೆ. ಬರೆದದ್ದು ಚೆನ್ನಾಗಿಯೇ ಇರುತ್ತದೆ. ಆದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಲೇಟ್ ಅಂತ ಬಂದುಬಿಡುತ್ತದೆ, ಹತ್ತು ಪರ್ಸೆಂಟ್ ಖೋತಾ. ಹೊತ್ತಿನ ಶಿಸ್ತು ಕಲಿಸಬೇಕು ಅನ್ನುತ್ತಾರೆ ಕೆಲವು ಟೀಚರ್‌ಗಳು. ದಿನಕ್ಕೆ ಎರಡು ಕೆಲಸ ಮಾಡುವವನಿಗೆ ಹೊತ್ತಿನ ಬಗ್ಗೆ ನಾವು ಕಲಿಸುವುದೇನಿದೆ, ಸುಮ್ನೆ!

ಹಾಜರಿಯ ಕಥೆ ಬೇರೆ. ನಮ್ಮಲ್ಲಿ 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಕೊನೇ ವಾರದಲ್ಲಿ ಅಪ್ಪನನ್ನು ಕರೆತಂದು ಪ್ರಿನ್ಸಿಪಾಲರ ಕೋಣೆ ಮುಂದೆ ನಿಲ್ಲುವ ದೃಶ್ಯ ಎಲ್ಲರಿಗೂ ಗೊತ್ತು. ಇಲ್ಲಿ ಅಂಥ ಕೊನೇ ಗಳಿಗೆಯ ದಯೆ ಇಲ್ಲ, ಯಾಕೆಂದರೆ ಎಲ್ಲವೂ ಮೊದಲೇ ಮುಗಿದಿರುತ್ತದೆ. ಸೆಮಿಸ್ಟರಿನ ಐದನೇ ಒಂದು ಭಾಗ ಕಳೆಯುವ ಹೊತ್ತಿಗೆ ಸೆನ್ಸಸ್ ದಿನ ಅಂತ ಒಂದು ಬರುತ್ತದೆ. ಅಷ್ಟರಲ್ಲಿ ಕ್ಲಾಸಿಗೆ ಬಾರದವರ ಹೆಸರನ್ನು ಟೀಚರ್ ತೆಗೆಯಲೇಬೇಕು. ಕಾಲೇಜಿಗೆ ಸರ್ಕಾರದ ಹಣ ಬರುವುದಕ್ಕೂ ಆ ದಿನದ ತಲೆಯೆಣಿಕೆಗೂ ಸಂಬಂಧ ಇದೆ. ಅದಕ್ಕೆ ಮೊದಲು ನಾವಾಗಿಯೇ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ (ವಿತ್‌ಡ್ರಾ, ನಡುವೆ ಬಿಟ್ಟವರು) ಅಂತ ಕೂರುತ್ತದೆ. ನಮ್ಮ ಹೆಂಗಸರು ಬಿಡುವ ಮೊದಲು ಯಾರನ್ನೂ ಕೇಳುವುದಿಲ್ಲ. ಮಗುವಿಗೆ ಜ್ವರ, ಅತ್ತೆ ಮಾವ ಊರಿಂದ ಬಂದರು, ಎರಡು ವಾರ ಹೋಗಲಾಗಲಿಲ್ಲ, ಇನ್ನು ಹೇಗೆ ಮುಖ ತೋರಿಸುವುದು ಅಂತ ಸುಮ್ಮನಾಗುತ್ತಾರೆ. ಒಂದು ಇಮೇಲ್ ಬರೆದಿದ್ದರೆ ಸಾಕಿತ್ತು. ಟೀಚರ್‌ಗೆ ಇಮೇಲ್ ಬರೆಯುವುದು ಇಲ್ಲಿ ಬೇಡಿಕೊಳ್ಳುವುದಲ್ಲ, ಅದು ವಿದ್ಯಾರ್ಥಿಯ ಕೆಲಸದ ಒಂದು ಭಾಗ. ಆಫೀಸ್ ಅವರ್ಸ್ ಅಂತ ವಾರಕ್ಕೆ ಇಷ್ಟು ಗಂಟೆ ಬಾಗಿಲು ತೆರೆದು ಕೂತಿರುತ್ತಾರಲ್ಲ, ಅದೂ ಹಾಗೆಯೇ. ಟೀಚರ್ ಕೋಣೆಗೆ ಹೋಗುವುದು ಅಂದರೆ ಬೈಸಿಕೊಳ್ಳಲು ಹೋಗುವುದು ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಒಮ್ಮೆ ನಮ್ಮ ಕಡೆಯವರೇ ಒಬ್ಬರು ಫೋನ್ ಮಾಡಿದರು. ಹೆಂಡತಿ ನಮ್ಮ ಲ್ಯಾಬಿಗೆ ಬರುತ್ತಿದ್ದರು.

"ಮೇಡಂ, ನಮ್ಮನೆಯವಳು ಹೇಗೆ ಓದ್ತಿದ್ದಾಳೆ? ಮಾರ್ಕ್ಸ್ ಎಷ್ಟು ಬರ್ತಿದೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್. ಅವರನ್ನೇ ಕೇಳಿ."

"ಅಯ್ಯೋ, ನಾನು ಅವಳ ಗಂಡ ಮೇಡಂ. ಫೀಸ್ ಕಟ್ಟಿದ್ದು ನಾನೇ."

ಅವರು ಕೆಟ್ಟವರಲ್ಲ. ಕಾಳಜಿಯಿಂದಲೇ ಕೇಳಿದ್ದು. ಆದರೆ 1974ರಿಂದ ಇಲ್ಲಿ ಫೆರ್ಪಾ ಅನ್ನುವ ಕಾನೂನು ಇದೆ. ಕಾಲೇಜಿಗೆ ಸೇರಿದವರ ಓದಿನ ದಾಖಲೆ ಅವರದ್ದೇ. ಅವರು ಬರೆದು ಒಪ್ಪಿಗೆ ಕೊಡದೆ ಗಂಡನಿಗೂ ಹೇಳುವಂತಿಲ್ಲ, ಅಣ್ಣನಿಗೂ ಇಲ್ಲ. ಈ ವಿಷಯ ಆಕೆಗೆ ಹೇಳಿದಾಗ ಮೊದಲು ಗಾಬರಿಯಾದರು, ಆಮೇಲೆ ಜೋರಾಗಿ ನಕ್ಕರು. ಮುಂದಿನ ವಾರದಿಂದ ಅವರ ಬರಹ ಉದ್ದವಾಯಿತು. ಕಾರಣ ಇದೇ ಅಂತ ನಾನು ಹೇಳಲಾರೆ. ಆದರೆ ಮನೆಯಲ್ಲಿ ಯಾರೂ ಅಂಕ ನೋಡುವುದಿಲ್ಲ ಅನ್ನುವ ಧೈರ್ಯ ಸಣ್ಣದಲ್ಲ. ತಪ್ಪು ಮಾಡಲು ಒಂದು ಜಾಗ ಬೇಕು, ಅಲ್ವಾ? ಸಿಲಬಸ್‌ನ ಕೊನೇ ಪುಟದಲ್ಲಿ ಯಾರೂ ಓದದ ಒಂದು ಸಾಲಿನಲ್ಲಿ ಈ ಕಾನೂನಿನ ಹೆಸರಿರುತ್ತದೆ. ನನ್ನ ಕೇಳಿದರೆ ಅದನ್ನು ಮೊದಲನೇ ಪುಟಕ್ಕೆ ತರಬೇಕು.

ಟೀಚರನ್ನು ಹೆಸರು ಹಿಡಿದು ಕರೆಯುವುದು ಇನ್ನೊಂದು ಪಾಡು. ಅವರೇ ಹಾಗೆ ಕರೆಯಿರಿ ಅನ್ನುತ್ತಾರೆ. ನಮ್ಮವರ ಬಾಯಲ್ಲಿ ಬರುವುದೇ ಇಲ್ಲ. ವಿಯೆಟ್ನಾಮಿನವರೂ ಬರೀ ಟೀಚರ್ ಅನ್ನುತ್ತಾರೆ. ಇದು ದೊಡ್ಡ ವಿಷಯವಲ್ಲ, ಒಂದು ತಿಂಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ದೊಡ್ಡ ವಿಷಯ ಮಾತಾಡುವುದಕ್ಕೆ ಕೊಡುವ ಅಂಕ. ಪಾರ್ಟಿಸಿಪೇಷನ್ ಅನ್ನುತ್ತಾರೆ. ಕ್ಲಾಸಿನಲ್ಲಿ ಕೈ ಎತ್ತಿ ಮಾತಾಡಿದರೆ ಒಟ್ಟು ಅಂಕದಲ್ಲಿ ಇಷ್ಟು ಪಾಲು. ಇದು ನನಗೆ ಒಪ್ಪಿಗೆಯಾಗಿಲ್ಲ. ನಮ್ಮ ಕಡೆ ಮೇಷ್ಟ್ರು ಮಾತಾಡುವಾಗ ಸುಮ್ಮನಿರುವುದೇ ಮರ್ಯಾದೆ. ಚೀನಾದ ಅಜ್ಜಿಗೂ ಹಾಗೆಯೇ. ಆಕೆ ಒಂದು ಪ್ರಶ್ನೆಗೆ ಮನಸ್ಸಿನಲ್ಲಿ ವಾಕ್ಯ ಕಟ್ಟಿ, ಕಾಲ ಸರಿಯಿದೆಯಾ ನೋಡಿ, ಬಾಯಿ ತೆರೆಯುವಷ್ಟರಲ್ಲಿ ಪಕ್ಕದವರು ಉತ್ತರ ಹೇಳಿ ಮುಗಿಸಿರುತ್ತಾರೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನದ ಕ್ಲಾಸುಗಳನ್ನು ಗಮನಿಸಿ ಒಂದು ಸಂಗತಿ ಹೇಳಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ, ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಅದು ಮಕ್ಕಳ ಮಾತಾಯಿತು, ಅದೂ ಅವರದೇ ಭಾಷೆಯಲ್ಲಿ. ಎರಡನೇ ಭಾಷೆಯಲ್ಲಿ ತಡಕಾಡುವ ಐವತ್ತೈದರವರಿಗೆ ಮೂರು ಸೆಕೆಂಡ್ ಯಾವ ಮೂಲೆಗೆ? ಮಾತಿಗೆ ಅಂಕ ಕೊಡುವ ಮೊದಲು ಮಾತಿಗೆ ಜಾಗ ಕೊಡಬೇಕು. ಇಬ್ಬಿಬ್ಬರನ್ನು ಕೂರಿಸಿ ಮೊದಲು ಅವರವರಲ್ಲಿ ಮಾತಾಡಿಸಿದರೆ ಆಮೇಲೆ ಎಲ್ಲರೂ ಹೇಳುತ್ತಾರೆ. ನಮ್ಮ ಕ್ಲಾಸಿನ ಟೀಚರ್ ಹಾಗೆ ಮಾಡುತ್ತಾರೆ, ಆದರೂ ಅಂಕವನ್ನು ಮಾತ್ರ ಬಿಟ್ಟಿಲ್ಲ.

ಈಗ ತಿದ್ದುವ ವಿಷಯಕ್ಕೆ ಬರುತ್ತೇನೆ. ನಾನು ಲ್ಯಾಬಿನಲ್ಲಿ ಜಾಸ್ತಿ ಹೊತ್ತು ಕಳೆಯುವುದು ಇದರಲ್ಲೇ.

ನಮ್ಮವರು ಗ್ರಾಮರ್ ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲ. ಬಿಟ್ಟ ಸ್ಥಳ ತುಂಬಿ, ವಾಯ್ಸ್ ಬದಲಿಸಿ, ರಿಪೋರ್ಟೆಡ್ ಸ್ಪೀಚ್‌ಗೆ ತನ್ನಿ ಅಂದರೆ ಟಕಟಕ ಬರೆದುಬಿಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಉರು ಹೊಡೆದದ್ದು ಎಲ್ಲಿ ಹೋಗುತ್ತದೆ! ಮೆಕ್ಸಿಕೋದ ಅಡುಗೆಯವರು ಬಾಯಿ ಬಿಟ್ಟು ನೋಡುತ್ತಾರೆ. ಆಮೇಲೆ ಒಂದು ಪ್ಯಾರಾ ಬರೆಯಿರಿ ಅಂದಾಗ ನೋಡಬೇಕು. ಐದು ನಿಮಿಷದ ಹಿಂದೆ ಸರಿ ಮಾಡಿದ ನಿಯಮವೇ ಅಲ್ಲಿ ಮುರಿದಿರುತ್ತದೆ. ನಿಯಮ ಗೊತ್ತಿರುವುದು ಒಂದು, ಅದು ಕೈಗೆ ಇಳಿಯುವುದು ಇನ್ನೊಂದು.

ಕಾಗದದ ಮೇಲೆ ಟೀಚರ್ ಸರಿಯುತ್ತರ ಬರೆಯುವುದಿಲ್ಲ. ಗೆರೆ ಎಳೆದು ಪಕ್ಕದಲ್ಲಿ ಒಂದು ಗುರುತು ಹಾಕುತ್ತಾರೆ. ವಿಟಿ ಅಂದರೆ ಕಾಲ ತಪ್ಪಿದೆ, ಎಸ್‌ವಿ ಅಂದರೆ ಕರ್ತೃ ಕ್ರಿಯಾಪದ ಹೊಂದಿಲ್ಲ, ಆರ್ಟ್ ಅಂದರೆ ಎ, ಆ್ಯನ್, ದಿ ತಪ್ಪಿದೆ. ಏನು ಅನ್ನುವುದನ್ನು ವಿದ್ಯಾರ್ಥಿಯೇ ಕಂಡುಹಿಡಿದು ಮತ್ತೆ ಬರೆದು ತರಬೇಕು. ಮೊದಮೊದಲು ಎಲ್ಲರಿಗೂ ಸಿಟ್ಟು. "ಸರಿ ಯಾವುದು ಅಂತ ಬರೆದುಕೊಟ್ಟರೆ ಆಗಲ್ವೇನ್ರಿ? ಅದಕ್ಕೇ ತಾನೆ ಕ್ಲಾಸಿಗೆ ಬರೋದು?" ಅಂತ ನಮ್ಮವರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ.

ವಿದ್ವಾಂಸರಲ್ಲೂ ಇದಕ್ಕೆ ಜಗಳ ಇದೆ. 1996ರಲ್ಲಿ ಜಾನ್ ಟ್ರಸ್ಕಾಟ್ ಅನ್ನುವವರು, ಎರಡನೇ ಭಾಷೆಯ ಬರವಣಿಗೆಯಲ್ಲಿ ಗ್ರಾಮರ್ ತಿದ್ದುವುದರಿಂದ ಉಪಯೋಗವಿಲ್ಲ, ಹಾನಿಯೂ ಉಂಟು, ಬಿಟ್ಟುಬಿಡಿ ಎಂದು ವಾದಿಸಿದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಉತ್ತರ ಬರೆದು, ಹಾಗೆ ಒಟ್ಟಾರೆ ತಳ್ಳಿಹಾಕುವುದು ಆತುರ ಅಂದರು. ವಿದ್ಯಾರ್ಥಿಗಳೇ ತಮ್ಮ ತಪ್ಪು ತೋರಿಸಿ ಅಂತ ಕೇಳುತ್ತಾರೆ ಅನ್ನುವುದೂ ಅವರ ವಾದದಲ್ಲಿತ್ತು. ಟ್ರಸ್ಕಾಟ್ ಹೇಳಿದ್ದರಲ್ಲಿ ಸತ್ಯವಿಲ್ಲ ಅಂತ ನಾನು ಅನ್ನುವುದಿಲ್ಲ. ಕೆಂಪು ಶಾಯಿಯಲ್ಲಿ ತೊಯ್ದ ಕಾಗದ ನೋಡಿದವರು ಮುಂದಿನ ಸಲ ಸಣ್ಣ ಸಣ್ಣ ವಾಕ್ಯ ಬರೆದು ಪಾರಾಗುತ್ತಾರೆ, ಅದನ್ನು ದಿನಾ ನೋಡುತ್ತೇನೆ. ಆದರೆ ತಿದ್ದದೇ ಬಿಡುವುದು ದೊಡ್ಡವರಿಗೆ ಮಾಡುವ ಅವಮಾನ. ಅವರಿಗೆ ಗೊತ್ತಾಗಿಬಿಡುತ್ತದೆ. ಎಲ್ಲಕ್ಕೂ ಗುಡ್ ಜಾಬ್ ಅಂತ ಬರೆದರೆ, ಇವರು ನನ್ನ ಕಾಗದ ಓದೇ ಇಲ್ಲ ಅಂದುಕೊಳ್ಳುತ್ತಾರೆ.

ನಮ್ಮ ಲ್ಯಾಬಿನಲ್ಲಿ ಒಂದು ಸಲಕ್ಕೆ ಎರಡೇ ಬಗೆಯ ತಪ್ಪು ಹಿಡಿಯುತ್ತೇವೆ. ಇವತ್ತು ಕಾಲ ಮತ್ತು ಎ, ದಿ. ಉಳಿದದ್ದು ಕಂಡರೂ ಮುಟ್ಟುವುದಿಲ್ಲ. ಕನ್ನಡದವರಿಗೆ ಇವೆರಡೂ ಬೇರೆ ಬೇರೆ ಬಗೆಯ ಕಷ್ಟ. ಎ ಮತ್ತು ದಿ ನಮ್ಮಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಬಿಟ್ಟುಹೋಗುತ್ತವೆ. ಸ್ಪ್ಯಾನಿಷಿನವರಿಗೆ ಅವು ಇವೆ, ಆದ್ದರಿಂದ ಬೇಡದ ಕಡೆಯೂ ದಿ ಹಾಕುತ್ತಾರೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ಒಂದೇ ನಿಯಮವನ್ನು ತಿರುಗುಮುರುಗಾಗಿ ಹೇಳಬೇಕು. ಕಾಲದ ವಿಷಯ ಇನ್ನೂ ಸೂಕ್ಷ್ಮ. "ನಿನ್ನೆಯೇ ಕೊಟ್ಟಿದ್ದೇನೆ" ಅನ್ನುವುದು ಕನ್ನಡದಲ್ಲಿ ಸಲೀಸು. ಅದನ್ನೇ ಇಂಗ್ಲಿಷಿಗೆ ತಂದು "ಐ ಹ್ಯಾವ್ ಗಿವನ್ ಯೆಸ್ಟರ್ಡೇ" ಅಂದರೆ ಇಲ್ಲಿನವರು ಹುಬ್ಬೇರಿಸುತ್ತಾರೆ. ಯೆಸ್ಟರ್ಡೇ ಬಂದರೆ ಹ್ಯಾವ್ ಬರುವ ಹಾಗಿಲ್ಲ. ಇದನ್ನು ಕನ್ನಡದ ವಾಕ್ಯ ಪಕ್ಕದಲ್ಲಿಟ್ಟು ತೋರಿಸಿದರೆ ಎರಡು ನಿಮಿಷ ಸಾಕು. ಕ್ಲಾಸಿನಲ್ಲಿ ಇಂಗ್ಲಿಷ್ ಮಾತ್ರ ಅನ್ನುವ ನಿಯಮ ಇದೆ, ಲ್ಯಾಬಿನಲ್ಲಿ ನಾನು ಅದನ್ನು ಪಾಲಿಸುವುದಿಲ್ಲ.

ಇನ್ನೊಂದು ಸಿಕ್ಕು. "ಐ ಯಾಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಅಂತ ಬರೆದರೆ ಟೀಚರ್ ವಿಟಿ ಹಾಕುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ಹದಿನೈದು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ಪತ್ರ ಬರೆದ ಹೆಂಗಸಿಗೆ, ನಿನ್ನ ಇಂಗ್ಲಿಷ್ ತಪ್ಪು ಅಂದರೆ ಹೇಗಿರುತ್ತದೆ? ಅದಕ್ಕೇ ನಾನು ತಪ್ಪು ಅನ್ನುವುದಿಲ್ಲ. ಅದು ಅಲ್ಲಿಗೆ ನಡೆಯುತ್ತದೆ, ಇಲ್ಲಿನ ಪರೀಕ್ಷೆಗೆ, ಇಲ್ಲಿನ ಇಂಟರ್‌ವ್ಯೂಗೆ ಹೀಗೆ ಬರೆಯಿರಿ ಅನ್ನುತ್ತೇನೆ. ಬೆನ್ನು ನೆಟ್ಟಗಾಗುವುದು ಕಾಣುತ್ತದೆ.

ಮತ್ತೆ ಬರೆಯುವ ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಗುರುತು ಬಿದ್ದ ಕಾಗದ ಒಂದು ವಾರದಲ್ಲಿ ತಿದ್ದಿ ಬರಬೇಕು, ಇಲ್ಲದಿದ್ದರೆ ಮೊದಲಿನ ಅಂಕವೂ ಸೊನ್ನೆ. ಕಠಿಣ ಅನ್ನಿಸಬಹುದು. ಆದರೆ ಜನ ಕಲಿಯುವುದು ಆ ಎರಡನೇ ಸಲದಲ್ಲೇ. ಮೊದಲ ಸಲ ತಪ್ಪು ಎಷ್ಟಿದ್ದರೂ ಅಂಕ ಕಡಿಮೆಯಾಗುವುದಿಲ್ಲ. ಈ ಒಂದು ಏರ್ಪಾಟಿನಿಂದ ಕ್ಲಾಸಿನ ಭಯ ಅರ್ಧ ಇಳಿಯಿತು. ಉದ್ದ ವಾಕ್ಯ ಬರೆಯುವ ಧೈರ್ಯ ಬಂತು.

ನಕಲು ಮಾಡುವ ಬಗ್ಗೆ ಒಂದು ಮಾತು. ಗೈಡಿನಲ್ಲಿದ್ದ ಪ್ರಬಂಧವನ್ನು ಅಕ್ಷರ ಬಿಡದೆ ಬರೆದರೆ ನಮ್ಮಲ್ಲಿ ಒಳ್ಳೆಯ ಅಂಕ. ಇಲ್ಲಿ ಅದಕ್ಕೆ ಸೊನ್ನೆ, ಜೊತೆಗೆ ಡೀನ್ ಹತ್ತಿರ ದೂರು. ಇದನ್ನು ನೈತಿಕತೆಯ ಪಾಠವಾಗಿ ಹೇಳಿದರೆ ನಮ್ಮವರಿಗೆ ನೋವಾಗುತ್ತದೆ. ಅವರು ಕದ್ದಿಲ್ಲ, ಅವರಿಗೆ ಕಲಿಸಿದ್ದೇ ಹಾಗೆ. ಪದ್ಧತಿ ಬೇರೆ ಅಂತ ಹೇಳಿದರೆ ಸಾಕು. ಚಾಟ್‌ಜಿಪಿಟಿ ಬಂದ ಮೇಲಂತೂ ಬಹಳ ಟೀಚರ್‌ಗಳು ಮನೆಯ ಬರಹ ಬಿಟ್ಟು ಕ್ಲಾಸಿನಲ್ಲೇ ಕೈಯಲ್ಲಿ ಬರೆಸುತ್ತಿದ್ದಾರೆ. ನೀಲಿ ರಟ್ಟಿನ ಪುಟ್ಟ ಉತ್ತರಪುಸ್ತಕ ಮತ್ತೆ ಬಂದಿದೆ. ನಮ್ಮ ಹೆಂಗಸರಿಗೆ ಇದರಿಂದ ಲಾಭವೇ. ಮೂರು ಗಂಟೆ ಕೂತು ಕೈಬರಹದಲ್ಲಿ ಪುಟ ತುಂಬಿಸುವುದರಲ್ಲಿ ಅವರನ್ನು ಮೀರಿಸುವವರು ಯಾರು?

ಇವೆಲ್ಲ ಆಯಿತು. ಕಲಿಯಲು ಬಂದವರು ನಮ್ಮಿಂದ ಏನು ಬಯಸುತ್ತಾರೆ ಅನ್ನುವುದಕ್ಕೆ ಮಾತ್ರ ಆರೇಳು ಪುಟದಲ್ಲಿ ಎಲ್ಲೂ ಜಾಗವಿಲ್ಲ. ಲ್ಯಾಬಿಗೆ ಬಂದವರನ್ನು ಆಗಾಗ ಕೇಳುತ್ತೇನೆ. ಉತ್ತರಗಳು ಬಹಳ ಸಾದಾ. ಕ್ಲಾಸು ಹೇಳಿದ ಹೊತ್ತಿಗೆ ಬಿಡಬೇಕು, ಕೊನೇ ಬಸ್ಸು ಕಾಯುವುದಿಲ್ಲ, ಮಗು ನೋಡಿಕೊಳ್ಳುವವಳಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಮನೆ ಮಾಲೀಕನಿಗೆ ಬರೆದ ಪತ್ರ, ಮಗನ ಶಾಲೆಗೆ ಬರೆದ ಇಮೇಲ್ ನೋಡಿ ತಿದ್ದಿಕೊಡಬೇಕು, ಪುಸ್ತಕದ ಟಾಮ್ ಮತ್ತು ಸ್ಯಾಲಿಯ ಕಥೆ ಸಾಕು. ಪೆನ್ಸಿಲ್ ಹಿಡಿಸಿ ಚಿತ್ರ ಅಂಟಿಸುವ ಆಟ ಬೇಡ.

ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಒಂದು: ನಿಯಮವನ್ನು ಮೊದಲು ಹೇಳಿ. ಈಗಿನ ಪಾಠಕ್ರಮದಲ್ಲಿ ಹತ್ತು ವಾಕ್ಯ ಕೊಟ್ಟು, ನಿಯಮ ನೀವೇ ಕಂಡುಹಿಡಿಯಿರಿ ಅನ್ನುತ್ತಾರೆ. ಟ್ಯಾಕ್ಸಿ ಓಡಿಸುವ ಆ ಎಂಜಿನಿಯರ್ ಒಮ್ಮೆ, ನನಗೆ ಸೂತ್ರ ಕೊಡಿ, ಲೆಕ್ಕ ನಾನು ಮಾಡುತ್ತೇನೆ, ಪತ್ತೇದಾರಿಗೆ ನನಗೆ ಹೊತ್ತಿಲ್ಲ ಅಂದಿದ್ದರು. ಟೀಚರ್ ಇದಕ್ಕೆ ಒಪ್ಪುವುದಿಲ್ಲ. ತಾವೇ ಕಂಡುಕೊಂಡದ್ದು ನೆನಪಿನಲ್ಲಿ ಉಳಿಯುತ್ತದೆ ಅನ್ನುತ್ತಾರೆ. ಉಳಿಯುತ್ತದೆ ನಿಜ, ಆದರೆ ದಿನವಿಡೀ ಕಾರು ಓಡಿಸಿ ರಾತ್ರಿ ಎಂಟಕ್ಕೆ ಬಂದು ಕೂತವರಿಗೆ ಮೊದಲು ಸೂತ್ರ ಕೊಟ್ಟರೆ ತಪ್ಪೇನು ಅನ್ನುವುದು ನನ್ನ ವಾದ. ಈ ಸೆಮಿಸ್ಟರಿನಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮಂಗಳವಾರ ಅವರ ಪದ್ಧತಿ, ಗುರುವಾರ ನನ್ನದು. ಯಾವ ದಿನ ಜಾಸ್ತಿ ಜನ ಬರುತ್ತಾರೆ ಅಂತ ಇಬ್ಬರೂ ಎಣಿಸುತ್ತಿದ್ದೇವೆ.